ಮನೆಯೊಳಗೆ ಎಷ್ಟು ಒಲೆ?

(ನರ್ಸಿಂಗ್ ವಿದ್ಯಾರ್ಥಿಗಳು, ಸಮುದಾಯ ಆರೋಗ್ಯ ಅಧಿಕಾರಿಗಳು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದೊಂದು ಮನೆಯ ಆರೋಗ್ಯದ ವಿವರ ಬರೆಯುವ ಕುಟುಂಬದ ಫೋಲ್ಡರ್ ತುಂಬದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. ಅದರಲ್ಲಿ ಒಂದು ಸಾಲು ಇರುತ್ತದೆ, ಕುಟುಂಬದ ಬಗೆ ಅಂತ. ವಿಭಕ್ತವೋ ಅವಿಭಕ್ತವೋ, ಟಿಕ್ ಹಾಕಬೇಕು. ಕೆಳಗೆ ಒಟ್ಟು ಸದಸ್ಯರು. ಅದರ ಕೆಳಗೆ, ಮನೆಯಲ್ಲಿ ಯಾರಿಗಾದರೂ ಬಿಪಿ, ಶುಗರ್, ಹೃದಯದ ಕಾಯಿಲೆ ಇದೆಯೇ? ಅವಿಭಕ್ತ, ಆರು ಜನ, ಹೌದು. ಎರಡು ನಿಮಿಷದಲ್ಲಿ ಮುಗಿಯಿತು. ಮುಂದಿನ ಮನೆ.

ಆ ಮೂರು ಟಿಕ್‌ನಿಂದ ರೋಗಿಗೆ ಏನೂ ಸಿಗುವುದಿಲ್ಲ. ನಾನು ಇವತ್ತು ಹೇಳಲು ಬಂದಿರುವುದು ಇಷ್ಟೇ: ಮನೆಯಲ್ಲಿ ಯಾರು ಯಾರು ಇದ್ದಾರೆ, ಯಾರಿಗೆ ಏನು ಕಾಯಿಲೆ ಬಂದಿತ್ತು, ಯಾರು ಯಾವ ಕೆಲಸ ಮಾಡುತ್ತಾರೆ, ಈ ಮೂರನ್ನೂ ಒಂದೇ ಹಾಳೆಯಲ್ಲಿ, ಆ ಮನೆಯವರ ಎದುರಿಗೇ ಕೂತು ಬರೆಯಬೇಕು. ಆಗ ಮಾತ್ರ ನಮ್ಮ ಕೆಲಸ ಎಲ್ಲಿಂದ ಶುರುವಾಗಬೇಕು ಅಂತ ಕಾಣುತ್ತದೆ. ಬೇರೆ ಬೇರೆ ಪುಟದಲ್ಲಿ ಬರೆದರೆ ಕಾಣುವುದಿಲ್ಲ.

ಮೊದಲು, ಮನೆ ಅಂದರೆ ಯಾರು ಯಾರು?

ನಮ್ಮ ಜನಗಣತಿಯವರು ಇದಕ್ಕೆ ಬಹಳ ಒಳ್ಳೆಯ ಅಳತೆ ಇಟ್ಟುಕೊಂಡಿದ್ದಾರೆ. ಸಾಮಾನ್ಯವಾಗಿ ಒಟ್ಟಿಗೆ ವಾಸ ಮಾಡಿ, ಒಂದೇ ಅಡುಗೆಮನೆಯಲ್ಲಿ ಊಟ ಮಾಡುವವರು ಒಂದು ಮನೆ. ರಕ್ತಸಂಬಂಧ ಇರಲೇಬೇಕು ಅಂತ ಇಲ್ಲ. ನರ್ಸ್‌ಗೂ ಇದೇ ಸರಿಯಾದ ಅಳತೆ. ಉಪ್ಪು, ಎಣ್ಣೆ, ಸಕ್ಕರೆ, ಹೊಗೆ, ಕೆಮ್ಮು ಎಲ್ಲ ಹಂಚಿಕೆಯಾಗುವುದು ಆ ಒಲೆಯ ಸುತ್ತಲೇ ಅಲ್ವಾ?

ರೇಷನ್ ಕಾರ್ಡ್ ನೋಡಿ ಸದಸ್ಯರನ್ನು ಬರೆಯುವವರು ಇದ್ದಾರೆ. ದಯವಿಟ್ಟು ಬೇಡ. ಕಾರ್ಡ್ ಬರೆಸುವ ಲೆಕ್ಕವೇ ಬೇರೆ. ಮದುವೆಯಾಗಿ ಹೋದ ಮಗಳ ಹೆಸರು ಅದರಲ್ಲಿ ಹಾಗೇ ಉಳಿದಿರುತ್ತದೆ. ಒಂದೇ ಒಲೆಯಲ್ಲಿ ಉಣ್ಣುವ ಅಣ್ಣತಮ್ಮಂದಿರು ಎರಡು ಕಾರ್ಡ್ ಮಾಡಿಸಿರುತ್ತಾರೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾಗಿ ಮನೆ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಅಂತ ಆದಮೇಲೆ, ಯಜಮಾನಿ ಅತ್ತೆಯೋ ಸೊಸೆಯೋ ಅನ್ನುವ ಪ್ರಶ್ನೆ ಎಷ್ಟು ಮನೆಗಳಲ್ಲಿ ಎದ್ದಿತು ಅಂತ ಆಶಾ ಅಕ್ಕಂದಿರನ್ನು ಕೇಳಿದರೆ ಕಥೆಗಳೇ ಸಿಗುತ್ತವೆ. ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರೇ ಮನೆಯ ತೀರ್ಮಾನ ಮಾಡುತ್ತಾರೆ ಅಂತ ಅಂದುಕೊಳ್ಳುವ ಹಾಗಿಲ್ಲ.

ಇನ್ನೊಂದು ಕಡೆ, ಸೂರು ಒಂದೇ, ಒಲೆ ಎರಡು. ಹಿಂದಿನ ಹಜಾರದಲ್ಲಿ ಅಜ್ಜಿ ತನಗೆ ತಾನೇ ಬೇಯಿಸಿಕೊಳ್ಳುತ್ತಿರುತ್ತಾರೆ. ಕೇಳಿದರೆ 'ಎಲ್ಲ ಒಟ್ಟಿಗೇ ಇದ್ದೀವಿ' ಅನ್ನುತ್ತಾರೆ. ಅದಕ್ಕೇ 'ನಿನ್ನೆ ರಾತ್ರಿ ಏನು ಅಡುಗೆ? ಯಾರು ಮಾಡಿದ್ದು? ಯಾರ್‍ಯಾರು ಊಟ ಮಾಡಿದರು?' ಅಂತ ಕೇಳಿ. ನಿನ್ನೆ ರಾತ್ರಿಯ ಊಟದ ಬಗ್ಗೆ ಸುಮ್ನೆ ಏನೋ ಒಂದು ಹೇಳುವುದು ಕಷ್ಟ. ಮನೆಯ ರಚನೆ ಅರ್ಧ ಅಲ್ಲೇ ಸಿಕ್ಕಿಬಿಡುತ್ತದೆ.

ಕರಾವಳಿಗೆ ಹೋದರೆ ಇನ್ನೂ ಸ್ವಲ್ಪ ಎಚ್ಚರ ಬೇಕು. ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಮನೆತನಗಳಲ್ಲಿ ಸೋದರಮಾವನ ಮಾತಿಗೆ ಇವತ್ತಿಗೂ ತೂಕವಿದೆ. ಆಪರೇಷನ್‌ಗೆ ಒಪ್ಪಿಗೆ ಬೇಕಾದಾಗ ಗಂಡನ ಮುಖ ನೋಡುತ್ತಾ ಕೂತರೆ ಆಗುವುದಿಲ್ಲ, ಫೋನ್ ಬೇರೆ ಊರಿಗೇ ಹೋಗಬೇಕಾಗುತ್ತದೆ. ಬಾಗಲಕೋಟೆ, ಬೆಳಗಾವಿ ಕಡೆಯ ಮಾಜಿ ದೇವದಾಸಿಯರ ಮನೆಗಳಲ್ಲಿ 'ಮಗುವಿನ ತಂದೆಯ ಹೆಸರು?' ಅಂತ ಮೊದಲ ಪ್ರಶ್ನೆ ಕೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಅಲ್ಲಿ ಮನೆ ನಡೆಸುವವಳು ತಾಯಿ. ಹಾಳೆಯಲ್ಲೂ ಅವಳಿಂದಲೇ ಶುರು ಮಾಡಿ.

ಇನ್ನು ಹಾಳೆಯ ವಿಷಯ. ಮೂರು ತಲೆಮಾರಿನ ಈ ನಕ್ಷೆಗೆ ಜೀನೋಗ್ರಾಮ್ ಅನ್ನುತ್ತಾರೆ, ನಾನು ಮನೆ ನಕ್ಷೆ ಅನ್ನುತ್ತೇನೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ವಯಸ್ಸು ಒಳಗೆ. ತೀರಿಕೊಂಡವರ ಮೇಲೆ ಅಡ್ಡ ಗೀಟು, ಪಕ್ಕದಲ್ಲಿ ಎಷ್ಟನೇ ವಯಸ್ಸಿಗೆ, ಏನಾಗಿ ಅಂತ. ಹೊಟ್ಟೆಯಲ್ಲಿರುವ ಮಗುವಿಗೆ ತ್ರಿಕೋನ. ನಾವು ನೋಡಲು ಹೋದ ರೋಗಿಗೆ ಎರಡು ಸುತ್ತು ಗೆರೆ. ಗಂಡಹೆಂಡತಿಯ ನಡುವೆ ಒಂದು ಗೆರೆ, ಅವರು ಮೊದಲೇ ರಕ್ತಸಂಬಂಧಿಗಳಾಗಿದ್ದರೆ ಎರಡು ಗೆರೆ. ಕೊನೆಗೆ ಒಂದೇ ಒಲೆಯಲ್ಲಿ ಉಣ್ಣುವವರನ್ನೆಲ್ಲ ಸುತ್ತುವರಿದು ಒಂದು ಚುಕ್ಕಿ ಗೆರೆ. ಚಿಹ್ನೆಗಳು ಇಷ್ಟೇ. ಪರೀಕ್ಷೆಗೆ ಇನ್ನೂ ಜಾಸ್ತಿ ಓದಬೇಕು, ಮನೆ ಭೇಟಿಗೆ ಇಷ್ಟು ಸಾಕು.

ಕೆನಡಾದ ಕ್ಯಾಲ್ಗರಿಯಲ್ಲಿ ಲೋರೇನ್ ರೈಟ್, ಮೌರೀನ್ ಲೇಹಿ ಅನ್ನುವ ಇಬ್ಬರು ನರ್ಸಿಂಗ್ ತಜ್ಞೆಯರು 1984ರಲ್ಲಿ ಕುಟುಂಬವನ್ನು ನೋಡುವ ಒಂದು ಕ್ರಮ ಕೊಟ್ಟರು. ರಚನೆ, ಬೆಳವಣಿಗೆಯ ಹಂತ, ನಡವಳಿಕೆ ಅಂತ ಮೂರು ಭಾಗ. ನಮ್ಮ ಸಿಲಬಸ್ಸಿನಲ್ಲಿ ನೀವು ಓದುವುದು ಬಹುತೇಕ ಇದರ ದಾರಿಯಲ್ಲೇ. ರಚನೆ ಅಂದರೆ ಯಾರು ಯಾರು. ಹಂತ ಅಂದರೆ ಮನೆ ಈಗ ಎಲ್ಲಿದೆ, ಹೊಸ ಸೊಸೆ ಬಂದಿದ್ದಾಳೋ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೋ, ವಯಸ್ಸಾದವರು ಹಾಸಿಗೆ ಹಿಡಿದಿದ್ದಾರೋ. ನಡವಳಿಕೆ ಅಂದರೆ ದಿನದ ಕೆಲಸ ಹೇಗೆ ಸಾಗುತ್ತದೆ, ಯಾರ ಮಾತು ನಡೆಯುತ್ತದೆ. ನಮ್ಮವರು ಎಡವುವುದು ಈ ಮೂರನೆಯದರಲ್ಲಿ.

ಒಂದು ಮನೆ ತೆಗೆದುಕೊಳ್ಳೋಣ. ಇದು ಪಾಠಕ್ಕೆಂದೇ ಕಟ್ಟಿದ ಮನೆ, ಯಾರದ್ದೂ ಅಲ್ಲ. ಆದರೆ ಇದರ ತುಂಡುಗಳೆಲ್ಲ ನಿಮ್ಮ ಫೀಲ್ಡಿನಲ್ಲೇ ಸಿಗುತ್ತವೆ.

ತುಮಕೂರು ಕಡೆಯ ಒಂದು ಹಳ್ಳಿ. ಅಜ್ಜಿಗೆ 66 ವರ್ಷ, ಶುಗರ್, ಇನ್ಸುಲಿನ್ ತಗೊಳ್ಳುತ್ತಾರೆ. ಪ್ರತಿ ಸಲ ಪಿಎಚ್‌ಸಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಾಗ ಶುಗರ್ 300ರ ಆಸುಪಾಸು. ಡಾಕ್ಟರು ಎರಡು ಸಲ ಡೋಸ್ ಏರಿಸಿದ್ದಾರೆ. ಫೋಲ್ಡರಿನಲ್ಲಿ 'ಅವಿಭಕ್ತ ಕುಟುಂಬ, 6 ಜನ, ಮಗ ನೋಡಿಕೊಳ್ಳುತ್ತಾನೆ, ಪಥ್ಯ ಪಾಲಿಸುತ್ತಿಲ್ಲ' ಅಂತ ಬರೆದಿದೆ. ಈ 'ಪಾಲಿಸುತ್ತಿಲ್ಲ' ಅನ್ನುವ ಪದ ಬರೆಯಲು ನಮಗೆ ಬಹಳ ಇಷ್ಟ. ಬರೆದರೆ ನಮ್ಮ ಜವಾಬ್ದಾರಿ ಮುಗಿಯಿತು ಅಂತ ಅನ್ನಿಸುತ್ತದೆ.

ಈಗ ಅದೇ ಮನೆಯ ಜಗಲಿಯಲ್ಲಿ ಕೂತು ನಕ್ಷೆ ಬರೆಯಿರಿ. ಆರು ಜನ ಅಂದಿದ್ದರಲ್ಲಿ ಒಬ್ಬಳು ಮದುವೆಯಾಗಿ ಹೋದ ಕಿರಿಮಗಳು, ಕಾರ್ಡಿನಿಂದ ಹೆಸರು ತೆಗೆಸಿಲ್ಲ ಅಷ್ಟೇ. ಮಗನಿಗೆ 38, ಲಾರಿ ಓಡಿಸುತ್ತಾನೆ, ವಾರಕ್ಕೆ ಎರಡು ರಾತ್ರಿ ಮನೆಯಲ್ಲಿದ್ದರೆ ಹೆಚ್ಚು. ಸೊಸೆಗೆ 30, ಗಾರ್ಮೆಂಟ್ಸ್ ಕೆಲಸ, ಬೆಳಗ್ಗೆ ಆರೂವರೆಗೆ ಫ್ಯಾಕ್ಟರಿ ಬಸ್. ಮೊಮ್ಮಗ ಐದನೇ ಕ್ಲಾಸು. ಮೊಮ್ಮಗಳಿಗೆ ಮೂರು ವರ್ಷ. ಅಂದರೆ ಬೆಳಗ್ಗೆ ಏಳರಿಂದ ಸಂಜೆ ಏಳರವರೆಗೆ ಆ ಮನೆಯಲ್ಲಿರುವ ಒಬ್ಬರೇ ದೊಡ್ಡವರು ಯಾರು? ರೋಗಿಯೇ.

'ಬೆಳಗ್ಗೆ ಎದ್ದಾಗಿನಿಂದ ಏನೇನಾಗುತ್ತೆ ಹೇಳಿ ಅಜ್ಜಿ' ಅಂತ ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಸೊಸೆ ಅಡುಗೆ ಮಾಡಿಟ್ಟು ಹೋಗುತ್ತಾಳೆ. ಅಜ್ಜಿಗೆ ಸಿರಿಂಜಿನ ಗೆರೆ ಕಾಣಲ್ಲ. ಅದಕ್ಕೆ ಏಳೂವರೆಗೆ, ಶಾಲೆಗೆ ಹೊರಡುವ ಮುಂಚೆ, ಮೊಮ್ಮಗ ಇನ್ಸುಲಿನ್ ಎಳೆದುಕೊಡುತ್ತಾನೆ. ಅಜ್ಜಿ ಚುಚ್ಚಿಕೊಳ್ಳುತ್ತಾರೆ. ಆಮೇಲೆ ಹಸುವಿಗೆ ಹುಲ್ಲು, ನೀರು, ಮಗುವಿಗೆ ತಿನ್ನಿಸುವುದು, ಅಂಗನವಾಡಿಗೆ ಬಿಡುವುದು. ಅಜ್ಜಿ ಮುದ್ದೆ ಮುರಿಯುವ ಹೊತ್ತಿಗೆ ಹತ್ತು ಗಂಟೆ. ಅಷ್ಟರೊಳಗೆ ಕಣ್ಣು ಕತ್ತಲೆ, ಮೈಯೆಲ್ಲ ಬೆವರು, ಕೈ ನಡುಕ. ಪಕ್ಕದ ಮನೆಯವರು 'ಸುಸ್ತಾಗಿದ್ದೀರಿ' ಅಂತ ಸಕ್ಕರೆ ಹೆಚ್ಚಾಗಿ ಹಾಕಿ ಟೀ ಕೊಡುತ್ತಾರೆ, ಒಂದು ಅಚ್ಚು ಬೆಲ್ಲವನ್ನೂ ಕೊಡುತ್ತಾರೆ. ಮುದ್ದೆ ಊಟವೂ ಆಗುತ್ತದೆ. ಹನ್ನೊಂದೂವರೆಗೆ ಪಿಎಚ್‌ಸಿಯಲ್ಲಿ ಬೆರಳು ಚುಚ್ಚಿದರೆ 300. ಡೋಸ್ ಏರುತ್ತದೆ. ಮಾರನೇ ದಿನದ ಕಣ್ಣುಕತ್ತಲೆ ಇನ್ನೂ ಜಾಸ್ತಿ.

ಅಜ್ಜಿ ಬೆಲ್ಲ ತಿಂದಿದ್ದು ನಿಜ, ಆದರೆ ಊಟವಿಲ್ಲದೆ ಶುಗರ್ ತೀರಾ ಇಳಿದಿದ್ದ ಹೊತ್ತಿನಲ್ಲಿ ಅದು ಅವರ ಜೀವ ಉಳಿಸಿದೆ. ಇಲ್ಲಿ ಬದಲಾಗಬೇಕಾಗಿರುವುದು ಒಂದು ಹೊತ್ತು. ಇನ್ಸುಲಿನ್ ಚುಚ್ಚಿದ ಅರ್ಧ ಗಂಟೆಯೊಳಗೆ ತಟ್ಟೆ ಮುಂದಿರಬೇಕು. ಹಸು ಆಮೇಲೆ. ಮೊಮ್ಮಗ ಎದುರಿಗೆ ಕೂತು ಅಜ್ಜಿ ನಾಲ್ಕು ತುತ್ತು ಉಂಡದ್ದನ್ನು ನೋಡಿ ಹೊರಟರೂ ಸಾಕು. ಬೆಳಗಿನ ಕಣ್ಣುಕತ್ತಲೆಯ ವಿಷಯ ಡಾಕ್ಟರಿಗೆ ಹೇಳಿ ಡೋಸ್ ಮತ್ತೆ ನೋಡಿಸಬೇಕು. ಇನ್ನೊಂದು ಮಾತು, ಹೋದ ಕೂಡಲೇ ಆ ಹುಡುಗನ ಕೈಯಲ್ಲಿರುವ ಸಿರಿಂಜಿನ ಮುಚ್ಚಳದ ಬಣ್ಣ ನೋಡಿ. ಕೆಂಪು ಮುಚ್ಚಳದ್ದು 40ರ ಸೀಸೆಗೆ, ಅಂದರೆ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಔಷಧಿಗೆ, ಕಿತ್ತಳೆ ಮುಚ್ಚಳದ್ದು 100ರ ಸೀಸೆಗೆ. 100ರ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಮೆಡಿಕಲ್ ಶಾಪಿನಲ್ಲಿ ಯಾವುದಿತ್ತೋ ಅದನ್ನು ಕೊಟ್ಟಿರುತ್ತಾರೆ. ಹತ್ತು ವರ್ಷದ ಹುಡುಗನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ನಕ್ಷೆ ಇನ್ನೂ ಮುಗಿದಿಲ್ಲ. ಸೊಸೆ ಎಲ್ಲಿಯವರು ಅಂತ ಕೇಳಿದರೆ ಅಜ್ಜಿ ನಗುತ್ತಾರೆ. 'ಸೊಸೆ ಏನು ಬಂತು, ನನ್ನ ಮೊಮ್ಮಗಳೇ ಅಲ್ವಾ. ದೊಡ್ಮಗಳ ಮಗಳು.' ಅಂದರೆ ಮಗ ಅಕ್ಕನ ಮಗಳನ್ನೇ ಮದುವೆಯಾಗಿದ್ದಾನೆ. ಇಲ್ಲಿ ಎರಡು ಗೆರೆ ಎಳೆಯಬೇಕು. ಎಳೆದ ಮೇಲೆ ಕೆಳಗಿನ ಸಾಲು ನೋಡಿ. ಮೂರು ವರ್ಷದ ಮಗು. ಎಷ್ಟು ಮಾತಾಡುತ್ತಾಳೆ? 'ಇನ್ನೂ ಸರಿಯಾಗಿ ಬಂದಿಲ್ಲ. ಇವರಪ್ಪಂಗೂ ಮಾತು ತಡವಾಗೇ ಬಂದಿದ್ದು.' ಹಿಂದಿನಿಂದ ಕರೆದರೆ ತಿರುಗುತ್ತಾಳಾ? ಅಜ್ಜಿ ಯೋಚನೆ ಮಾಡುತ್ತಾರೆ.

ಶುಗರ್‌ಗೆಂದು ಹೋದ ಮನೆಯಲ್ಲಿ ಕಿವಿ ಕೇಳದಿರಬಹುದಾದ ಒಂದು ಮಗು ಸಿಕ್ಕಿತು. ಅದನ್ನು ತೋರಿಸಿದ್ದು ಆ ಎರಡು ಗೆರೆ. ಹುಟ್ಟಿನಿಂದ ಬರುವ ಕಿವುಡು, ತಂದೆತಾಯಿ ಇಬ್ಬರೂ ಒಂದೇ ಮನೆತನದವರಾದಾಗ ಹೆಚ್ಚಾಗಿ ಕಾಣುತ್ತದೆ. ಸೋದರಮಾವನಿಗೆ ಕೊಟ್ಟ ಮದುವೆಯಲ್ಲಿ ಮಗುವಿನ ಯಾವುದೇ ಒಂದು ಜೀನಿನ ಎರಡೂ ಪ್ರತಿ ಒಬ್ಬರೇ ಹಿರಿಯರಿಂದ ಬಂದಿರುವ ಸಾಧ್ಯತೆ 8ರಲ್ಲಿ 1. ಸೋದರತ್ತೆ, ಸೋದರಮಾವನ ಮಕ್ಕಳ ನಡುವಿನ ಮದುವೆಯಲ್ಲಿ 16ರಲ್ಲಿ 1. ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ಹೀಗೆ ಸಂಬಂಧದೊಳಗೇ ಆಗಿವೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಾಗಾಗಿ ವಿದೇಶದ ಪಠ್ಯಪುಸ್ತಕದಲ್ಲಿ ಅಪರೂಪಕ್ಕೆ ಕಾಣುವ ಈ ಜೋಡಿಗೆರೆ ನಮ್ಮ ಹಾಳೆಯಲ್ಲಿ ದಿನಾ ಬರುತ್ತದೆ.

ಆದರೆ ದಯವಿಟ್ಟು, ಆ ಮನೆಯಲ್ಲಿ ಕೂತು 'ಅಕ್ಕನ ಮಗಳನ್ನ ಯಾಕೆ ಮಾಡ್ಕೊಂಡ್ರಿ' ಅಂತ ಪಾಠ ಶುರು ಮಾಡಬೇಡಿ. ಮದುವೆ ಆಗಿಹೋಗಿದೆ. ಇಂಥ ಮದುವೆಗಳ ಬಹುಪಾಲು ಮಕ್ಕಳು ಆರೋಗ್ಯವಾಗೇ ಇರುತ್ತಾರೆ. ಬೈಸಿಕೊಂಡ ಸೊಸೆ ಮುಂದಿನ ಸಲ ಬಾಗಿಲು ತೆಗೆಯುವುದಿಲ್ಲ. ಆ ಮಗುವನ್ನು ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡಕ್ಕೆ ತೋರಿಸಿ, ಜಿಲ್ಲಾ ಆಸ್ಪತ್ರೆಗೆ ಬರೆಸಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿಯ ತೊಂದರೆಗೆ ಪ್ರತಿ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಮಾತು ಕಲಿಯುವ ವಯಸ್ಸು ಕಾಯುತ್ತಾ ಕೂರುವುದಿಲ್ಲ.

ಈಗ ಕಾಯಿಲೆಗಳ ಚರಿತ್ರೆಗೆ ಬರೋಣ. 30 ದಾಟಿದವರಿಗೆ ಬಿಪಿ, ಶುಗರ್‌ನಂಥ ಕಾಯಿಲೆಯ ಅಪಾಯ ಎಷ್ಟಿದೆ ಅಂತ ಅಳೆಯಲು ಆಶಾ ಅಕ್ಕಂದಿರು ತುಂಬುವ ಸಿಬ್ಯಾಕ್ ಫಾರಂನಲ್ಲಿ, ತಂದೆತಾಯಿ ಅಥವಾ ಒಡಹುಟ್ಟಿದವರಿಗೆ ಬಿಪಿ, ಶುಗರ್, ಹೃದ್ರೋಗ ಇದ್ದರೆ 2 ಅಂಕ. ಒಟ್ಟು 4 ದಾಟಿದರೆ ಮೊದಲು ಪರೀಕ್ಷೆ. ಚೆನ್ನೈನಲ್ಲಿ ತಯಾರಾದ ಭಾರತೀಯ ಮಧುಮೇಹ ಅಪಾಯದ ಅಂಕಪಟ್ಟಿಯಲ್ಲಿ ತಂದೆತಾಯಿ ಒಬ್ಬರಿಗೆ ಶುಗರ್ ಇದ್ದರೆ 10, ಇಬ್ಬರಿಗೂ ಇದ್ದರೆ 20. ಅಲ್ಲಿ 60 ಅಥವಾ ಮೇಲೆ ಬಂದರೆ ಅಪಾಯ ಹೆಚ್ಚು. ಎರಡೂ ಕೆಲಸಕ್ಕೆ ಬರುತ್ತವೆ. ಆದರೆ ಎರಡೂ ನಿಂತಿರುವುದು ನೀವು ಕೇಳುವ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ. 'ನಿಮ್ಮ ತಂದೆಗೆ ಹೃದ್ರೋಗ ಇತ್ತಾ?' ಅಂದರೆ 'ಇಲ್ಲ ಮೇಡಂ, ಏನೂ ಇರಲಿಲ್ಲ' ಅನ್ನುತ್ತಾರೆ. 'ಹೇಗೆ ತೀರಿಕೊಂಡರು?' ಅಂದರೆ 'ಗದ್ದೆಯಿಂದ ಬಂದು ನೀರು ಕೇಳಿದರು, ಎದೆ ಹಿಡ್ಕೊಂಡ್ರು, ಅಷ್ಟೇ' ಅನ್ನುತ್ತಾರೆ.

ಹೆಸರಿಟ್ಟ ಕಾಯಿಲೆ ಕೇಳಬೇಡಿ, ಕೊನೆಯ ದಿನಗಳ ಕಥೆ ಕೇಳಿ. ಕೈಕಾಲು ಬಿದ್ದುಹೋಗಿತ್ತಾ? ಬಾಯಿ ಸೊಟ್ಟಗಾಗಿತ್ತಾ? ಕಾಲಿನ ಹುಣ್ಣು ಮಾಯಲಿಲ್ಲವಾ? ಕೆಮ್ಮಿ ಕೆಮ್ಮಿ ತೆಳ್ಳಗಾದರಾ? ಬಾಣಂತನದಲ್ಲಿ ಹೋದರಾ? ಬಾಯಲ್ಲಿ ಗಡ್ಡೆ ಆಗಿತ್ತಾ, ಎಲೆಅಡಿಕೆ ಹಾಕುತ್ತಿದ್ದರಾ? 'ಗಾಳಿ ಸೋಕಿತ್ತು', 'ಮಾಟ ಮಾಡಿಸಿದ್ದರು' ಅಂತ ಹೇಳಿದರೆ ವಾದಕ್ಕೆ ಇಳಿಯಬೇಡಿ. 'ಆಗ ಮೈ ಹೇಗಿತ್ತು?' ಅಂತ ಕೇಳಿ ಮುಂದೆ ಹೋಗಿ. ಫಿಟ್ಸ್ ಇತ್ತೋ ಜ್ವರ ಇತ್ತೋ ಅದರಲ್ಲೇ ಹೊರಬರುತ್ತದೆ.

ವಯಸ್ಸು ಬಹಳ ಮುಖ್ಯ. ಅಪ್ಪನಿಗೋ ಅಣ್ಣತಮ್ಮನಿಗೋ 55ಕ್ಕಿಂತ ಮೊದಲೇ, ಅಮ್ಮನಿಗೋ ಅಕ್ಕತಂಗಿಗೋ 65ಕ್ಕಿಂತ ಮೊದಲೇ ಹೃದ್ರೋಗ ಬಂದಿದ್ದರೆ ಅದನ್ನು ಬೇಗ ಬಂದದ್ದು ಅಂತ ಲೆಕ್ಕ ಹಾಕುತ್ತೇವೆ. 80ರಲ್ಲಿ ಬಂದದ್ದಕ್ಕೂ 45ರಲ್ಲಿ ಬಂದದ್ದಕ್ಕೂ ಮಕ್ಕಳ ಮಟ್ಟಿಗೆ ತುಂಬಾ ವ್ಯತ್ಯಾಸ. ಆದರೆ ಹಳ್ಳಿಯಲ್ಲಿ ವಯಸ್ಸು ಕೇಳಿದರೆ 'ಆಗಿತ್ತು ಅರವತ್ತೋ ಎಪ್ಪತ್ತೋ' ಅನ್ನುತ್ತಾರೆ. ಆಗ ಊರಿನ ನೆನಪಿಗೆ ಕಟ್ಟಿ ಕೇಳಬೇಕು. ಇಂದಿರಾ ಗಾಂಧಿ ಹೋದ ವರ್ಷ ನಿಮ್ಮಪ್ಪ ಇದ್ದರಾ? ಅದು 1984. ರಾಜ್‌ಕುಮಾರ್ ಅವರನ್ನು ಕಾಡಿಗೆ ಕರ್ಕೊಂಡು ಹೋದಾಗ? 2000. ಅವರು ತೀರಿಕೊಂಡಾಗ? 2006. ದೊಡ್ಡ ಮಗ ಆಗ ನಡೆಯುತ್ತಿದ್ದನಾ, ಶಾಲೆಗೆ ಹೋಗುತ್ತಿದ್ದನಾ? ಎರಡು ಪ್ರಶ್ನೆಯಲ್ಲಿ ನಾಲ್ಕೈದು ವರ್ಷದ ಅಂದಾಜಿಗೆ ಬಂದುಬಿಡುತ್ತೀರಿ.

ಸಂಬಂಧ ಬರೆಯುವಾಗ 'ಅಂಕಲ್' ಅಂತ ಬರೆಯುವ ಹುಡುಗರಿದ್ದಾರೆ, ಅದರಿಂದ ನಮಗೆ ಏನೂ ಗೊತ್ತಾಗುವುದಿಲ್ಲ. ಸೋದರಮಾವನಿಗೆ ಗಾಯವಾದರೆ ರಕ್ತ ನಿಲ್ಲುತ್ತಿರಲಿಲ್ಲ ಅಂತ ಒಂದು ಮನೆಯವರು ಹೇಳಿದರೆ, ಆ ಮನೆಯ ಗಂಡುಮಗುವಿಗೆ ಸುನ್ನತಿಯೋ ಹಲ್ಲು ಕೀಳುವುದೋ ಇದ್ದರೆ ಮೊದಲು ಹಿಮೋಫಿಲಿಯಾ, ಅಂದರೆ ರಕ್ತ ಹೆಪ್ಪುಗಟ್ಟದ ಕಾಯಿಲೆಯ ಪರೀಕ್ಷೆ. ಅದು ತಾಯಿಯ ಕಡೆಯಿಂದ ಬರುವಂಥದ್ದು. ಚಿಕ್ಕಪ್ಪನಿಗೆ ಇತ್ತು ಅಂದರೆ ಲೆಕ್ಕವೇ ಬೇರೆ. ನಮ್ಮಲ್ಲೂ ಒಂದು ಮೋಸದ ಜಾಗ ಇದೆ. ದೊಡ್ಡಪ್ಪ ಅಂದರೆ ಅಪ್ಪನ ಅಣ್ಣನೂ ಆಗಬಹುದು, ಅಮ್ಮನ ಅಕ್ಕನ ಗಂಡನೂ ಆಗಬಹುದು. ಎರಡನೆಯವರ ಹಾರ್ಟ್ ಅಟ್ಯಾಕ್ ನಿಮ್ಮ ರೋಗಿಯ ರಕ್ತಕ್ಕೆ ಸಂಬಂಧಿಸಿದ್ದಲ್ಲ. 'ಅಪ್ಪನ ಜೊತೆ ಹುಟ್ಟಿದವರಾ?' ಅಂತ ಇನ್ನೊಂದು ಸಲ ಕೇಳಿ.

ಮನೆಯಲ್ಲಿ ಎಲ್ಲರಿಗೂ ಇರುವ ಕಾಯಿಲೆ ವಂಶದ್ದೇ ಆಗಿರಬೇಕಿಲ್ಲ. ಇದಕ್ಕೆ ನಮ್ಮ ರಾಜ್ಯದಲ್ಲೇ ಎರಡು ಉದಾಹರಣೆಗಳಿವೆ, ಒಂದಕ್ಕೊಂದು ಉಲ್ಟಾ.

ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದಲ್ಲಿ ಅಲ್ಲಿ ಸೊಂಟ, ಮೊಣಕಾಲು ಹಿಡಿದುಕೊಂಡು ನಡೆಯಲಾಗದವರು, ಕುಳ್ಳಗೆ ಉಳಿದವರು ಒಂದೇ ಕಡೆ ಕಾಣಿಸಿಕೊಂಡರು. ಕೂಲಿ ಮಾಡಿ ಬದುಕುವ ಬಡವರು. ಗದ್ದೆಯ ಏಡಿ ತಿನ್ನುತ್ತಾರೆ, ಗದ್ದೆಗೆ ಕೀಟನಾಶಕ ಹೊಡೆಯುತ್ತಾರೆ, ಅದರಿಂದಲೇ ಇರಬೇಕು ಅಂತ ಸಂಶಯ ಬಂತು. ಯೋಚನೆ ತಪ್ಪೇನಲ್ಲ. ಆದರೆ ಮನೆಮನೆಯ ವಂಶವೃಕ್ಷ ಬರೆದು ನೋಡಿದಾಗ ಬೇರೆ ಚಿತ್ರ ಬಂತು. ಕಾಯಿಲೆ ಬಹುತೇಕ ಎರಡು ಸಮುದಾಯಗಳ ಕೆಲವು ಮನೆತನಗಳೊಳಗೇ ತಲೆಮಾರಿನಿಂದ ತಲೆಮಾರಿಗೆ ಇಳಿದಿತ್ತು. ತಂದೆತಾಯಿಯಲ್ಲಿ ಒಬ್ಬರಿಗೆ ಇದ್ದರೆ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಂದಿಗೋಡು ಕಾಯಿಲೆ ಅಂತಲೇ ಅದು ಈಗ ವೈದ್ಯ ಸಾಹಿತ್ಯದಲ್ಲಿದೆ.

ಈಗ ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆ ಬನ್ನಿ. ಅಪ್ಪನ ಹಲ್ಲು ಕಂದು, ಮಗನ ಹಲ್ಲು ಕಂದು, ಮಗಳದ್ದೂ ಅಷ್ಟೇ. ಹೊರಗಿನಿಂದ ಬಂದ ಸೊಸೆಯ ಹಲ್ಲು ಮಾತ್ರ ಬೆಳ್ಳಗೆ. ನಕ್ಷೆ ನೋಡಿದವರು ಯಾರಾದರೂ 'ಇದು ಅಪ್ಪನ ವಂಶದಿಂದ ಬಂದದ್ದು' ಅಂದುಬಿಡುತ್ತಾರೆ. ಆದರೆ ಇದು ಬೋರ್‌ವೆಲ್ ನೀರಿನ ಫ್ಲೋರೈಡ್. ಹಲ್ಲಿನ ಹೊರಪದರ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಆ ನೀರು ಕುಡಿದವರಿಗೆ ಮಾತ್ರ ಹಲ್ಲಿನ ಕಲೆ ಬರುತ್ತದೆ. ಸೊಸೆ ಬಂದದ್ದು 20ಕ್ಕೆ, ಅವಳ ಹಲ್ಲು ಆಗಲೇ ಬೆಳೆದಾಗಿತ್ತು. ಹಾಗಂತ ಅವಳು ಪಾರಾದಳು ಅಂತಲ್ಲ. ವರ್ಷಗಟ್ಟಲೆ ಕುಡಿದರೆ ಅವಳ ಮೂಳೆ, ಕೀಲುಗಳಿಗೂ ಅದೇ ಕಾದಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ಮಿತಿ.

ಇದನ್ನು ನಕ್ಷೆಯಲ್ಲಿ ಹಿಡಿಯುವುದು ಹೇಗೆ? ಪ್ರತಿಯೊಬ್ಬರ ಚಿಹ್ನೆಯ ಪಕ್ಕ ಅವರು ಹುಟ್ಟಿ ಬೆಳೆದ ಊರು ಬರೆಯಿರಿ. ಇದು ಸಾಮಾನ್ಯವಾಗಿ ಯಾವ ಫಾರಂನಲ್ಲೂ ಇರುವುದಿಲ್ಲ, ನೀವೇ ಸೇರಿಸಿಕೊಳ್ಳಬೇಕು. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳ ಮಕ್ಕಳ ಹಲ್ಲು ಹೇಗಿದೆ ಅಂತ ಕೇಳಿ. ಅವು ಬೆಳ್ಳಗಿದ್ದರೆ ನೀರಿನ ಕಡೆ ನೋಡಿ. ಟಿಬಿಯಲ್ಲೂ ಇದೇ ರೀತಿ. 'ನಮ್ಮ ವಂಶದಲ್ಲೇ ಎದೆ ವೀಕು' ಅನ್ನುವ ಮನೆಗಳಿರುತ್ತವೆ. ಅಲ್ಲಿ ನೋಡಬೇಕಾದ್ದು ರಕ್ತಸಂಬಂಧವನ್ನಲ್ಲ, ಚುಕ್ಕಿ ಗೆರೆಯೊಳಗೆ ಯಾರು ಯಾರ ಪಕ್ಕ ಮಲಗುತ್ತಾರೆ ಅನ್ನುವುದನ್ನು. ಬಾಡಿಗೆಗೆ ಇರುವ ಹುಡುಗನನ್ನೂ ಅದರಲ್ಲಿ ಸೇರಿಸಿ.

ಆ ಚುಕ್ಕಿ ಗೆರೆ ಜಾಗ ಬಿಟ್ಟು ಓಡಾಡುತ್ತದೆ ಅನ್ನುವುದನ್ನೂ ಮರೆಯಬಾರದು. ಸೀಮಂತ ಮುಗಿದ ಕೂಡಲೇ ಚೊಚ್ಚಲ ಬಸುರಿ ತವರಿಗೆ ಹೋಗುತ್ತಾಳೆ. ಗಂಡನ ಮನೆಯ ನಕ್ಷೆ ನೀವು ಎಷ್ಟೇ ಚೆನ್ನಾಗಿ ಬರೆದಿದ್ದರೂ, ಬಾಣಂತಿಗೆ ಏನು ಊಟ, ಎಷ್ಟು ನೀರು, ಮಗುವಿಗೆ ಮೊದಲ ಹಾಲು ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ಈಗ ಬೇರೆ ತಾಲ್ಲೂಕಿನಲ್ಲಿದ್ದಾರೆ. ತಾಯಿ ಕಾರ್ಡು ಅವಳ ಜೊತೆ ಹೋಗುತ್ತದೆ, ನಿಮ್ಮ ನಕ್ಷೆ ಹೋಗುವುದಿಲ್ಲ. ಆದ್ದರಿಂದ ಏಳನೇ ತಿಂಗಳ ಭೇಟಿಯಲ್ಲೇ ತವರಿನ ಊರು, ಅಲ್ಲಿಯ ಆಶಾ ನಂಬರ್, ಬಾಣಂತನ ಮಾಡುವವರು ಯಾರು ಅಂತ ಬರೆದಿಟ್ಟುಕೊಳ್ಳಿ. ಅವಳ ತಾಯಿಗೆ ಹೆರಿಗೆಯಲ್ಲಿ ಬಿಪಿ ಏರಿತ್ತಾ, ಫಿಟ್ಸ್ ಬಂದಿತ್ತಾ ಅಂತ ಅಲ್ಲಿಯ ಸಿಸ್ಟರ್ ಕೇಳಿದರೆ ನಿಮಗಿಂತ ಚೆನ್ನಾಗಿ ಉತ್ತರ ಸಿಗುತ್ತದೆ. ಅತ್ತೆಮನೆಯಲ್ಲಿ ಕೂತ ಹುಡುಗಿಗೆ ಅದು ಗೊತ್ತಿರುವುದಿಲ್ಲ, ಗೊತ್ತಿದ್ದರೂ ಅತ್ತೆಯ ಎದುರು ಹೇಳುವುದಿಲ್ಲ.

ಮನೆಯ ಹೊರಗಿನ ಸಂಬಂಧಗಳಿಗೆ ಇಕೋಮ್ಯಾಪ್ ಅಂತ ಇನ್ನೊಂದು ನಕ್ಷೆ ಇದೆ. ಆನ್ ಹಾರ್ಟ್‌ಮನ್ ಅನ್ನುವವರು 1975ರಲ್ಲಿ ರೂಪಿಸಿದ್ದು. ಮನೆ ನಡುವೆ, ಸುತ್ತ ಅಂಗನವಾಡಿ, ಸ್ತ್ರೀಶಕ್ತಿ ಸಂಘ, ಡೇರಿ, ದೇವಸ್ಥಾನ, ಸಾಲ ಕೊಟ್ಟವರು. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ತಿಕ್ಕಾಟಕ್ಕೆ ಅಂಕುಡೊಂಕು ಗೆರೆ. ನಮ್ಮ ಅಜ್ಜಿಯ ಮನೆಗೆ ಬರೆದರೆ ಅತಿ ದಪ್ಪ ಗೆರೆ ಹೋಗುವುದು ಬೆಲ್ಲ ಕೊಟ್ಟ ಪಕ್ಕದ ಮನೆಗೆ. ಶುಗರ್ ಇಳಿದಾಗ ಏನು ಮಾಡಬೇಕು ಅಂತ ಕಲಿಸಬೇಕಾದದ್ದು ಆ ಪಕ್ಕದ ಮನೆಯಾಕೆಗೆ. ಇದರ ಬಗ್ಗೆ ಇಷ್ಟು ಸಾಕು, ಉಳಿದದ್ದು ಬರೆಯುತ್ತಾ ಬರುತ್ತದೆ.

ಕೊನೆಯದಾಗಿ ಗುಟ್ಟು. ಈ ಹಾಳೆಯಲ್ಲಿ ಒಂದು ಮನೆಯ ಮಾನವೇ ಇರುತ್ತದೆ. ಅತ್ತೆಯ ಎದುರು ಸೊಸೆಗೆ ಗರ್ಭಪಾತದ ಬಗ್ಗೆ ಕೇಳಬಾರದು. ಗಂಡನ ಎದುರು ಹೊಡೆತದ ಬಗ್ಗೆ ಕೇಳಬಾರದು. ಬಿಪಿ ನೋಡುವ ನೆಪದಲ್ಲಿ ಒಳಗೆ ಕರೆದುಕೊಂಡು ಹೋಗಿ, ಇಲ್ಲವೇ ಪಿಎಚ್‌ಸಿಗೆ ಬಂದಾಗ ಕೇಳಿ. ಎಚ್‌ಐವಿ ಇದೆ ಅಂತ ಫೋಲ್ಡರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವಂತಿಲ್ಲ. 2017ರ ಎಚ್‌ಐವಿ ಕಾಯಿದೆ ಪ್ರಕಾರ ಒಪ್ಪಿಗೆ ಇಲ್ಲದೆ ಅದನ್ನು ಹೊರಗೆ ಹಾಕುವುದು ತಪ್ಪು. ಆತ್ಮಹತ್ಯೆ, ಮಾನಸಿಕ ಕಾಯಿಲೆಯ ವಿಷಯದಲ್ಲೂ ಅಷ್ಟೇ ಜಾಗ್ರತೆ ಬೇಕು. ಆಶಾ ಅಕ್ಕ ಅದೇ ಊರಿನವರು, ಕೆಲವು ಸಲ ಅದೇ ಮನೆತನದವರು. ಅದರಿಂದ ಬಾಗಿಲು ಸುಲಭವಾಗಿ ತೆರೆಯುತ್ತದೆ, ಕೆಲವು ಬಾಯಿಗಳು ಅದೇ ಕಾರಣಕ್ಕೆ ಮುಚ್ಚಿಕೊಳ್ಳುತ್ತವೆ. ಅಂಥ ಪ್ರಶ್ನೆಗಳನ್ನು ಹೊರಗಿನಿಂದ ಬಂದ ಸಿಸ್ಟರ್ ಕೇಳುವುದು ಒಳ್ಳೆಯದು.

(ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.)

'ಮೇಡಂ, ಒಂದು ದಿನಕ್ಕೆ ಇಷ್ಟು ಮನೆ ಅಂತ ಟಾರ್ಗೆಟ್ ಇರುತ್ತೆ. ಇಷ್ಟೆಲ್ಲ ಎಲ್ಲಿ ಬರೆಯೋದು?'

ಎಲ್ಲ ಮನೆಗೂ ಬರೆಯಬೇಡಿ. ಶುಗರ್ ಹತೋಟಿಗೆ ಬರದ ಮನೆ, ಚೊಚ್ಚಲ ಬಸುರಿ ಇರುವ ಮನೆ, ಟಿಬಿ ಮನೆ, ಮಗು ತೀರಿಕೊಂಡ ಮನೆ, ಇವಕ್ಕೆ ಮೊದಲು. ಕ್ಯಾಲ್ಗರಿಯವರೇ ಹದಿನೈದು ನಿಮಿಷದಲ್ಲಿ ಮುಗಿಸುವ ಕ್ರಮವನ್ನೂ ಹೇಳಿದ್ದಾರೆ. ಒಂದೇ ಸಲಕ್ಕೆ ಮುಗಿಯಲೇಬೇಕು ಅಂತಲೂ ಇಲ್ಲ. ಇವತ್ತು ಒಲೆ, ಮುಂದಿನ ಸಲ ತೀರಿಕೊಂಡವರು, ಅದರ ಮುಂದಿನ ಸಲ ತವರು.

'ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಅಜ್ಜಿ ಒಂದು, ಸೊಸೆ ಒಂದು. ಯಾವುದನ್ನ ಬರೆಯೋದು?'

ಎರಡನ್ನೂ ಬರೆಯಿರಿ. ಯಾರ ಬಾಯಿಂದ ಬಂತು ಅಂತ ಪಕ್ಕದಲ್ಲಿ ಹಾಕಿ, ತಾರೀಖು ಹಾಕಿ. ಯಾವುದು ಸರಿ ಅಂತ ಅಲ್ಲೇ ಪಂಚಾಯಿತಿ ಮಾಡಬೇಡಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಗುರುವಾರ ಫೀಲ್ಡಿಗೆ ಹೋಗುವ ಮುಂಚೆ ನಿಮ್ಮ ನಿಮ್ಮ ಮನೆಯ ನಕ್ಷೆ ಬರೆದುಕೊಂಡು ಬನ್ನಿ. ಪೆನ್ಸಿಲ್‌ನಲ್ಲಿ ಬರೆಯಿರಿ, ತಿದ್ದಬೇಕಾಗುತ್ತದೆ. ಹೆಸರು ಹಾಕಬೇಡಿ, ಒಬ್ಬರ ಹಾಳೆ ಇನ್ನೊಬ್ಬರು ನೋಡುವಂತಿಲ್ಲ, ನಾನೂ ನೋಡುವುದಿಲ್ಲ. ಅಮ್ಮನ ಅಮ್ಮ ಎಷ್ಟನೇ ವಯಸ್ಸಿಗೆ, ಏನಾಗಿ ತೀರಿಕೊಂಡರು ಅಂತ ಎಷ್ಟು ಜನರಿಗೆ ಗೊತ್ತಿದೆ ಅಂತ ಮಾತ್ರ ಕೇಳುತ್ತೇನೆ, ಕೈ ಎತ್ತಿದರೆ ಸಾಕು.